ಬ್ರೇಕ್ ತುಳಿದರೆ ಇಂಡಿಕೇಟರ್ ಮಂದವಾಗಿ ಹೊತ್ತುತ್ತದೆ: ಹಳೆಯ ಲಾರಿಯ ವೈರಿಂಗ್ ದೋಷವನ್ನು ಎಲ್ಲಿಂದ ಹುಡುಕಬೇಕು?

ಘಾಟಿ ಲಾರಿ, ಸಕಲೇಶಪುರ

ನಮಸ್ಕಾರ. ನನ್ನ ಬಳಿ 1998ರ ಮಾದರಿಯ ಆರು ಚಕ್ರದ ಲಾರಿಯೊಂದಿದೆ. ಕೌಲ್ ಚಾಸಿಯ (ಎಂಜಿನ್ನು, ಮುಂಭಾಗದ ತಗಡು ಇದ್ದು ಕ್ಯಾಬಿನ್ ಇಲ್ಲದ ಅಡಿಚೌಕಟ್ಟಿನ) ಮೇಲೆ ಬಾಡಿ ಬಿಲ್ಡಿಂಗ್ ಶೆಡ್ಡಿನಲ್ಲಿ ಕಟ್ಟಿದ ಮರದ ಕ್ಯಾಬಿನ್ನು, ಹಲಗೆಯ ಲೋಡ್ ಬಾಡಿ, 24 ವೋಲ್ಟಿನ ವೈರಿಂಗು, ಸರಣಿಯಲ್ಲಿ ಜೋಡಿಸಿದ ಎರಡು 12 ವೋಲ್ಟಿನ ಬ್ಯಾಟರಿಗಳು. ಡೀಸೆಲ್ ಪಂಪು ಪೂರ್ತಿ ಮೆಕ್ಯಾನಿಕಲ್ ಆಗಿರುವುದರಿಂದ ಎಂಜಿನ್ ಒಮ್ಮೆ ಸ್ಟಾರ್ಟ್ ಆದರೆ ಕರೆಂಟಿನ ಹಂಗಿಲ್ಲದೆ ಓಡುತ್ತದೆ. ಹಿಂದಿನ ಮಾಲೀಕರು ಹಲವು ವರ್ಷ ಇದರಲ್ಲಿ ಮಲ್ಪೆ ಬಂದರಿನಿಂದ ಘಟ್ಟದ ಮೇಲಕ್ಕೆ ಮೀನು ಸಾಗಿಸುತ್ತಿದ್ದರು. ನಾನು ಕಾಫಿ, ಕಾಳುಮೆಣಸು, ಗೊಬ್ಬರದ ಮೂಟೆಗಳನ್ನು ಸಾಗಿಸುತ್ತೇನೆ. ಶಿರಾಡಿ ಘಾಟಿಯನ್ನು ರಾತ್ರಿ ಹೊತ್ತು ಇಳಿಯುವುದು ತಪ್ಪಿದ್ದಲ್ಲ, ಹಾಗಾಗಿ ಲೈಟುಗಳ ವಿಷಯದಲ್ಲಿ ನಾನು ರಾಜಿಯಾಗುವಂತಿಲ್ಲ.

ತೊಂದರೆಗಳು ಮೂರು. ಮೊದಲನೆಯದಾಗಿ, ರಾತ್ರಿ ಲೈಟ್ ಹಾಕಿಕೊಂಡು ಬ್ರೇಕ್ ತುಳಿದರೆ ಹಿಂದಿನ ಕೆಂಪು ದೀಪಗಳು ಹೆಚ್ಚು ಪ್ರಕಾಶಿಸುವ ಬದಲು ಮಂಕಾಗುತ್ತವೆ. ಅದೇ ಕ್ಷಣದಲ್ಲಿ ಡ್ಯಾಶ್‌ಬೋರ್ಡಿನ ಎಡ ಮತ್ತು ಬಲ ಇಂಡಿಕೇಟರ್ ಸೂಚಕಗಳೆರಡೂ ಮಂದವಾಗಿ ಹೊತ್ತಿಕೊಳ್ಳುತ್ತವೆ. ಎರಡನೆಯದಾಗಿ, ಲಾರಿಯನ್ನು ನಾಲ್ಕೈದು ದಿನ ನಿಲ್ಲಿಸಿದರೆ ಮೇನ್ ಸ್ವಿಚ್ ಆಫ್ ಮಾಡಿಟ್ಟಿದ್ದರೂ ಸೆಲ್ಫ್ (ಎಂಜಿನ್ ಸ್ಟಾರ್ಟ್ ಮಾಡುವ ಮೋಟಾರು) ಬರೀ ಟಕ್ ಎಂದು ಸುಮ್ಮನಾಗುತ್ತದೆ. ಬ್ಯಾಟರಿಗಳ ಪೈಕಿ ಒಂದು ಸದಾ ಬಿಸಿಯಾಗಿದ್ದು ನೀರು ಕುಡಿಯುತ್ತಲೇ ಇರುತ್ತದೆ, ಇನ್ನೊಂದು ಯಾವಾಗ ನೋಡಿದರೂ ಇಳಿದೇ ಇರುತ್ತದೆ. ಮೂರನೆಯದಾಗಿ, ಕೆಟ್ಟ ರಸ್ತೆಯಲ್ಲಿ ಹೈಬೀಮ್ ಹಾಕಿದರೆ ಆಗಾಗ ಫ್ಯೂಸ್ ಹೋಗುತ್ತದೆ. ಡಿಮ್‌ನಲ್ಲಿ ಒಮ್ಮೆಯೂ ಹೋಗಿಲ್ಲ.

ಒಂದು ಗ್ಯಾರೇಜಿನಲ್ಲಿ ಫ್ಲಾಶರ್ (ಇಂಡಿಕೇಟರನ್ನು ಮಿನುಗಿಸುವ ಸಾಧನ), ಕಾಂಬಿನೇಷನ್ ಸ್ವಿಚ್, ಹಿಂದಿನ ಎಲ್ಲ ಬಲ್ಬುಗಳನ್ನು ಬದಲಾಯಿಸಿದರು. ದುಡ್ಡು ಖರ್ಚಾಯಿತೇ ಹೊರತು ದೋಷ ಇದ್ದಲ್ಲೇ ಇದೆ. ಇನ್ನೊಬ್ಬರು ಇಡೀ ಲಾರಿಯ ವೈರಿಂಗನ್ನೇ ಕಿತ್ತು ಹೊಸದಾಗಿ ಮಾಡಬೇಕು ಎನ್ನುತ್ತಾರೆ. ಮುಂದಿನ ತಿಂಗಳು ಎಫ್‌ಸಿ (ವಾಹನದ ಫಿಟ್ನೆಸ್ ಸರ್ಟಿಫಿಕೇಟ್) ಮಾಡಿಸಬೇಕಿದೆ. ಪೂರ್ತಿ ಬದಲಾಯಿಸುವುದು ನಿಜಕ್ಕೂ ಅಗತ್ಯವೇ, ಅಥವಾ ದೋಷ ಇರುವ ಜಾಗವನ್ನು ಗುರುತಿಸುವ ಕ್ರಮವೇನಾದರೂ ಇದೆಯೇ? ನನ್ನ ಬಳಿ ಸಾಧಾರಣ ಮಲ್ಟಿಮೀಟರ್ ಒಂದಿದೆ.

ಆಟೋ ಎಲೆಕ್ಟ್ರಿಷಿಯನ್, ಹುಬ್ಬಳ್ಳಿ

ಪೂರ್ತಿ ವೈರಿಂಗ್ ಕೀಳಿಸುವ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನೀವು ಹೇಳಿದ ಮೊದಲನೆಯ ಲಕ್ಷಣವನ್ನು ಓದಿದರೆ ಸಾಕು, ಹಿಂದಿನ ದೀಪಗಳ ಅರ್ಥಿಂಗ್ (ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ) ಹೋಗಿದೆ ಎಂದು ಮೀಟರ್ ಹಿಡಿಯುವ ಮೊದಲೇ ಹೇಳಬಹುದು. ಇದು ಏಕೆ ಹೀಗಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇದು ತಿಳಿಯದೆ ಎಷ್ಟು ಫ್ಲಾಶರ್ ಬದಲಾಯಿಸಿದರೂ ಪ್ರಯೋಜನವಿಲ್ಲ.

ಹಿಂದಿನ ಒಂದೊಂದು ದೀಪದ ಡಬ್ಬಿಯಲ್ಲೂ ಟೇಲ್ ಲೈಟಿನ 5 ವ್ಯಾಟ್ ಎಳೆ (ಫಿಲಮೆಂಟ್), ಬ್ರೇಕ್ ಲೈಟಿನ 21 ವ್ಯಾಟ್ ಎಳೆ ಮತ್ತು ಇಂಡಿಕೇಟರಿನ 21 ವ್ಯಾಟ್ ಬಲ್ಬು ಇರುತ್ತವೆ. ಇವುಗಳಿಗೆ ಕರೆಂಟ್ ಬೇರೆ ಬೇರೆ ವೈರಿನಲ್ಲಿ ಬರುತ್ತದೆ, ಆದರೆ ಬ್ಯಾಟರಿಗೆ ವಾಪಸ್ ಹೋಗುವ ದಾರಿ ಎಲ್ಲಕ್ಕೂ ಒಂದೇ: ಡಬ್ಬಿಯ ತಗಡು, ಅದನ್ನು ಹಿಡಿದಿರುವ ಬೋಲ್ಟು, ಅಲ್ಲಿಂದ ಚಾಸಿ. ಆ ದಾರಿ ತುಕ್ಕು ಹಿಡಿದು ಮುಚ್ಚಿದರೆ ಬ್ರೇಕ್ ಎಳೆಯ ಮೂಲಕ ಬಂದ ಕರೆಂಟ್ ಸುಮ್ಮನೆ ನಿಲ್ಲುವುದಿಲ್ಲ. ಅದೇ ಡಬ್ಬಿಯಲ್ಲಿರುವ ಇಂಡಿಕೇಟರ್ ಬಲ್ಬಿನೊಳಗೆ ಉಲ್ಟಾ ನುಗ್ಗಿ, ಇಂಡಿಕೇಟರ್ ವೈರಿನಲ್ಲೇ ಮುಂದಕ್ಕೆ ಸಾಗಿ, ಮುಂಭಾಗದ ಇಂಡಿಕೇಟರ್ ಬಲ್ಬು ಮತ್ತು ಡ್ಯಾಶ್‌ಬೋರ್ಡಿನ ಸೂಚಕದ ಮೂಲಕ ಅಲ್ಲಿನ ಒಳ್ಳೆಯ ಅರ್ಥಿಂಗನ್ನು ತಲುಪುತ್ತದೆ. ನಿಮ್ಮ ಸೂಚಕಗಳು ಮಂದವಾಗಿ ಹೊತ್ತುವುದು ಇದರಿಂದ. ಟೇಲ್ ಎಳೆಯ ಒಂದು ತುದಿಯಲ್ಲಿ 24 ವೋಲ್ಟ್ ಇದ್ದೇ ಇರುತ್ತದೆ. ಬ್ರೇಕ್ ತುಳಿದಾಗ ಡಬ್ಬಿಯ ತಗಡಿನ ವೋಲ್ಟೇಜೂ ಮೇಲೇರುವುದರಿಂದ ಎರಡು ತುದಿಗಳ ನಡುವಿನ ವ್ಯತ್ಯಾಸ ಕಡಿಮೆಯಾಗಿ ಕೆಂಪು ದೀಪ ಮಂಕಾಗುತ್ತದೆ. ಎಡ ಬಲ ಎರಡೂ ಸೂಚಕಗಳು ಹೊತ್ತುತ್ತಿರುವುದರಿಂದ ಎರಡೂ ಬದಿಯ ದೀಪಗಳಿಗೆ ಇರುವ ಸಾಮಾನ್ಯ ಅರ್ಥಿಂಗ್ ಕೆಟ್ಟಿದೆ ಎಂದೇ ಲೆಕ್ಕ.

ಮರದ ಬಾಡಿಯ ಲಾರಿಗಳಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ಲೋಡ್ ಬಾಡಿ ಮತ್ತು ಚಾಸಿಯ ನಡುವೆ ಮರದ ಪಟ್ಟಿ ಇರುತ್ತದೆ, ಬಾಡಿಯನ್ನು ಹಿಡಿದಿರುವುದು ಯು-ಬೋಲ್ಟುಗಳು ಮಾತ್ರ. ದೀಪಗಳನ್ನು ಬಾಡಿಯ ಹಿಂದಿನ ಕಬ್ಬಿಣದ ಆಂಗಲ್‌ಗೆ ಕೂರಿಸಿದ್ದರೆ ಅವುಗಳ ಅರ್ಥಿಂಗ್ ಆ ತುಕ್ಕು ಹಿಡಿದ ಯು-ಬೋಲ್ಟುಗಳನ್ನೇ ನಂಬಿಕೊಂಡಿರುತ್ತದೆ. ಮೀನಿನ ಲಾರಿಯೆಂದ ಮೇಲೆ ಕೇಳುವುದೇ ಬೇಡ. ಮಂಜುಗಡ್ಡೆ ಕರಗಿದ ಉಪ್ಪುನೀರು ವರ್ಷಗಟ್ಟಲೆ ಹರಿದಿರುವುದು ಸರಿಯಾಗಿ ಅದೇ ಜಾಗದಲ್ಲಿ.

ಪರೀಕ್ಷೆ ಹೀಗೆ ಮಾಡಿ. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಒಂದು ಉದ್ದನೆಯ ವೈರಿನಿಂದ ಕಪ್ಪು ತುದಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ ಸೇರಿಸಿ. ಕ್ಲಾಂಪಿಗಲ್ಲ, ಸೀಸದ ಕಂಬಕ್ಕೇ. ಕೆಂಪು ತುದಿಯನ್ನು ದೀಪದ ಡಬ್ಬಿಯ ತಗಡಿಗೆ ಒತ್ತಿ ಹಿಡಿದು ಒಬ್ಬರಿಂದ ಬ್ರೇಕ್ ತುಳಿಸಿ. ಅರ್ಥಿಂಗ್ ಸರಿಯಿದ್ದರೆ 0.2 ವೋಲ್ಟನ್ನು ಮೀರಬಾರದು. ಹೆಚ್ಚು ಬಂದರೆ ತಗಡಿನಿಂದ ಬೋಲ್ಟಿಗೆ, ಬೋಲ್ಟಿನಿಂದ ಆಂಗಲ್‌ಗೆ, ಆಂಗಲ್‌ನಿಂದ ಚಾಸಿಗೆ ಎಂದು ಕೆಂಪು ತುದಿಯನ್ನು ಹಂತ ಹಂತವಾಗಿ ಸರಿಸುತ್ತಾ ಹೋಗಿ. ಯಾವ ಎರಡು ಜಾಗಗಳ ನಡುವೆ ವೋಲ್ಟೇಜ್ ದಿಢೀರನೆ ಇಳಿಯುತ್ತದೆಯೋ ಆ ಜೋಡಣೆಯೇ ಅಪರಾಧಿ.

ಒಂದು ಎಚ್ಚರಿಕೆ. ಮೀಟರಿನ ಬೀಪ್ ಕೇಳಿ ಅರ್ಥಿಂಗ್ ಸರಿಯಿದೆ ಎಂದು ತೀರ್ಮಾನಿಸಬೇಡಿ. ಅನೇಕ ಮೀಟರುಗಳು 30 ಓಮ್ ಪ್ರತಿರೋಧವಿದ್ದರೂ ಬೀಪ್ ಕೊಡುತ್ತವೆ; ಎರಡು ಬ್ರೇಕ್ ಬಲ್ಬುಗಳು ಎಳೆಯುವ 1.75 ಆಂಪಿಯರ್ ಕರೆಂಟಿಗೆ 2 ಓಮ್ ಕೂಡ ದೊಡ್ಡ ಅಡ್ಡಿ. ಲೋಡ್ ಇಲ್ಲದೆ ಅಳೆದ ಯಾವ ಅಳತೆಯನ್ನೂ ನಾನು ನಂಬುವುದಿಲ್ಲ. ಸೆಲ್ಫ್ ಟಕ್ ಎನ್ನುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ: ಸೆಲ್ಫ್ ಹೊಡೆಯುವಾಗ ಎಂಜಿನ್ ಬ್ಲಾಕಿಗೂ ಬ್ಯಾಟರಿ ನೆಗೆಟಿವ್ ಕಂಬಕ್ಕೂ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ, ಎಂಜಿನ್‌ನಿಂದ ಚಾಸಿಗೆ ಬರುವ ಜಡೆವೈರನ್ನು ಬಿಚ್ಚಿ ನೋಡಿ. ಆ ಜಡೆ ತುಂಡಾದ ಲಾರಿಗಳಲ್ಲಿ ಸೆಲ್ಫಿನ ನೂರಾರು ಆಂಪಿಯರ್ ಕರೆಂಟ್ ಆಕ್ಸಿಲರೇಟರ್ ಕೇಬಲಿನ ಮೂಲಕ ದಾರಿ ಹುಡುಕಿಕೊಂಡು ಅದರ ಹೊರಕವಚವನ್ನೇ ಸುಟ್ಟಿರುವುದನ್ನು ನೋಡಿದ್ದೇನೆ.

ಕರಾವಳಿ ಟ್ರಾನ್ಸ್‌ಪೋರ್ಟ್

ಇಷ್ಟೆಲ್ಲ ಏಕೆ? ಹಿಂದಿನ ದೀಪಗಳನ್ನೆಲ್ಲ ತೆಗೆದು 24 ವೋಲ್ಟಿನ ಎಲ್‌ಇಡಿ ದೀಪಗಳನ್ನು ಹಾಕಿಸಿದರೆ ಕರೆಂಟ್ ಬಳಕೆಯೂ ಇಳಿಯುತ್ತದೆ, ತೊಂದರೆಯೂ ಮುಗಿಯುತ್ತದೆ. ನಮ್ಮ ಗಾಡಿಗಳಲ್ಲಿ ಹಾಗೆಯೇ ಮಾಡಿದ್ದೇವೆ.

ಆಟೋ ಎಲೆಕ್ಟ್ರಿಷಿಯನ್, ಹುಬ್ಬಳ್ಳಿ

ಎಲ್‌ಇಡಿ ಹಾಕುವುದಕ್ಕೆ ನನ್ನ ವಿರೋಧವಿಲ್ಲ, ಆದರೆ ಅರ್ಥಿಂಗ್ ಸರಿಪಡಿಸಿದ ಮೇಲೆ ಹಾಕಬೇಕು. ಈಗಲೇ ಹಾಕಿದರೆ ಕಡಿಮೆ ಕರೆಂಟ್ ಎಳೆಯುವ ಕಾರಣ ದೋಷ ಕೆಲ ತಿಂಗಳು ಅಡಗಿರುತ್ತದೆ, ಮಳೆಗಾಲದಲ್ಲಿ ಮತ್ತೆ ತಲೆಯೆತ್ತುತ್ತದೆ. ಅಲ್ಲದೆ, ಹಳೆಯ ಫ್ಲಾಶರ್ ಬಲ್ಬಿನ ಲೋಡನ್ನು ನೋಡಿ ಕೆಲಸ ಮಾಡುವಂಥದ್ದು. ಎಲ್‌ಇಡಿ ಹಾಕಿದೊಡನೆ ಬಲ್ಬ್ ಹೋಗಿದೆ ಎಂದು ಭಾವಿಸಿ ಗಡಿಬಿಡಿಯಿಂದ ಮಿನುಗುತ್ತದೆ. ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಬಾರಿಯೊಳಗೆ ಮಿನುಗಬೇಕೆಂಬ ನಿಯಮವಿದೆ, ಎಫ್‌ಸಿಯಲ್ಲಿ ಅದನ್ನೂ ನೋಡುತ್ತಾರೆ. ಎಲ್‌ಇಡಿಗೆ ಹೊಂದುವ ಎಲೆಕ್ಟ್ರಾನಿಕ್ ಫ್ಲಾಶರನ್ನೂ ಜೊತೆಗೇ ಹಾಕಬೇಕಾಗುತ್ತದೆ.

ಐಟಿಐ ಮೇಷ್ಟ್ರು

ಬ್ಯಾಟರಿಯ ವಿಷಯವನ್ನು ಯಾರೂ ಮುಟ್ಟಿಲ್ಲವಾದ್ದರಿಂದ ಅದರ ಬಗ್ಗೆ ಬರೆಯುತ್ತೇನೆ. ಪ್ರಶ್ನೆ ಕೇಳಿದವರು ಮೊದಲು ಒಂದು ವಿಷಯವನ್ನು ನೋಡಿ ಹೇಳಬೇಕು: ಲಾರಿಯಲ್ಲಿ ಟೇಪ್, ಆಂಪ್ಲಿಫೈಯರ್ ಅಥವಾ ಮೊಬೈಲ್ ಚಾರ್ಜರ್ ಇದೆಯೇ, ಇದ್ದರೆ ಅದಕ್ಕೆ 12 ವೋಲ್ಟನ್ನು ಎಲ್ಲಿಂದ ತೆಗೆದಿದ್ದಾರೆ? ಎರಡು ಬ್ಯಾಟರಿಗಳ ಪೈಕಿ ಒಂದು ಬಿಸಿ, ಇನ್ನೊಂದು ಖಾಲಿ ಎಂದರೆ, ಸಾಮಾನ್ಯವಾಗಿ ಎರಡರ ನಡುವಿನ ಲಿಂಕಿನಿಂದ ಒಂದು ವೈರ್ ಎಳೆದಿರುತ್ತಾರೆ.

ಹೀಗೆ ಎಳೆಯುವುದರಿಂದ ಆಗುವ ಹಾನಿ ತಕ್ಷಣ ಕಣ್ಣಿಗೆ ಬೀಳುವುದಿಲ್ಲ. ಟೇಪಿನ ಕರೆಂಟ್ ಹೋಗುವುದು ಚಾಸಿಗೆ ಸೇರಿದ ಕೆಳಗಿನ ಬ್ಯಾಟರಿಯಿಂದ ಮಾತ್ರ, ಆದರೆ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟ್ ಉತ್ಪಾದಿಸುವ ಯಂತ್ರ) ಚಾರ್ಜ್ ಮಾಡುವುದು ಎರಡನ್ನೂ ಸರಣಿಯಲ್ಲಿ. ಸರಣಿಯಲ್ಲಿ ಒಂದೇ ಕರೆಂಟ್ ಎರಡರಲ್ಲೂ ಹರಿಯುತ್ತದೆ, ಹಾಗಾಗಿ ಕೆಳಗಿನದು ತುಂಬುವಷ್ಟರಲ್ಲಿ ಮೇಲಿನದು ತುಂಬಿ ತುಳುಕಿರುತ್ತದೆ. ಚಾರ್ಜಿಂಗ್ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ನೋಡುವುದು ಒಟ್ಟು ವೋಲ್ಟೇಜನ್ನಷ್ಟೇ. ಒಟ್ಟು 28 ವೋಲ್ಟ್ ಇದ್ದರೆ ಅದಕ್ಕೆ ಸಮಾಧಾನ. ಅದರಲ್ಲಿ ಹಸಿದ ಬ್ಯಾಟರಿಗೆ 12.8, ತುಂಬಿದ ಬ್ಯಾಟರಿಗೆ 15.2 ಎಂದು ಹಂಚಿಕೆಯಾಗಿದ್ದರೂ ಅದಕ್ಕೆ ತಿಳಿಯುವುದಿಲ್ಲ. 14ರ ಆಸುಪಾಸಿನಲ್ಲಿ ನಿಲ್ಲಬೇಕಾದ ಬ್ಯಾಟರಿ 15 ದಾಟಿದರೆ ನೀರು ಅನಿಲವಾಗಿ ಹೋಗುತ್ತದೆ, ಪ್ಲೇಟು ಸವೆಯುತ್ತದೆ. ಇತ್ತ ಸದಾ ಅರೆಹೊಟ್ಟೆಯಲ್ಲಿರುವ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಅದೂ ಕೆಡುತ್ತದೆ. ಅಂಗಡಿಯವರು ಒಂದನ್ನೇ ಬದಲಾಯಿಸಿಕೊಡುತ್ತಾರೆ, ಆರು ತಿಂಗಳಲ್ಲಿ ಹೊಸದೂ ಅದೇ ಹಾದಿ ಹಿಡಿಯುತ್ತದೆ.

ಎಂಜಿನ್ ಓಡುತ್ತಿರುವಾಗ ಮೊದಲು ಎರಡೂ ಬ್ಯಾಟರಿಗಳ ಒಟ್ಟು ವೋಲ್ಟೇಜನ್ನು, ನಂತರ ಒಂದೊಂದರದ್ದನ್ನು ಅಳೆಯಿರಿ. ಒಟ್ಟು 27.5ರಿಂದ 28.5ರ ನಡುವೆ ಇದ್ದರೆ ಆಲ್ಟರ್ನೇಟರ್ ಮತ್ತು ರೆಗ್ಯುಲೇಟರ್ ಸರಿಯಾಗಿವೆ, ಅವನ್ನು ಬಿಚ್ಚಲು ಯಾರಿಗೂ ಬಿಡಬೇಡಿ. ಎರಡು ಬ್ಯಾಟರಿಗಳ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ನಾನು ಹೇಳಿದ್ದೇ ಕಾರಣವಿರಬೇಕು. ಎಂಜಿನ್ ನಿಲ್ಲಿಸಿ, ಮೇನ್ ಸ್ವಿಚ್ ಆಫ್ ಮಾಡಿ, ನೆಗೆಟಿವ್ ಕ್ಲಾಂಪ್ ಬಿಚ್ಚಿ, ಕಂಬ ಮತ್ತು ಕ್ಲಾಂಪಿನ ನಡುವೆ ಮೀಟರನ್ನು 10 ಆಂಪಿಯರ್ ಸ್ಥಾನದಲ್ಲಿಟ್ಟು ಸೇರಿಸಿದರೆ ಕಳ್ಳ ಕರೆಂಟ್ ಎಷ್ಟಿದೆ ಎಂಬುದು ಗೊತ್ತಾಗುತ್ತದೆ. ಮೀಟರ್ ಹೀಗಿರುವಾಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬಾರದು. ಮೇನ್ ಸ್ವಿಚ್ 24 ವೋಲ್ಟಿನ ಪಾಸಿಟಿವ್ ವೈರಿನಲ್ಲಿ ಕೂತಿದ್ದರೆ ಬ್ಯಾಟರಿ ಲಿಂಕಿನಿಂದ ಎಳೆದ ವೈರ್ ಅದರ ಹಿಡಿತಕ್ಕೇ ಬರುವುದಿಲ್ಲ. ಆಫ್ ಮಾಡಿದರೂ ಬ್ಯಾಟರಿ ಇಳಿಯುವುದು ಅದಕ್ಕೇ. ಅರ್ಧ ಆಂಪಿಯರ್ ಸೋರಿದರೂ ದಿನಕ್ಕೆ 12 ಆಂಪಿಯರ್-ಅವರ್ ಹೋಯಿತು. ಮೊದಲೇ ಅರ್ಧ ತುಂಬಿರುವ ಬ್ಯಾಟರಿಗೆ ನಾಲ್ಕೈದು ದಿನ ಸಾಕು.

ಪರಿಹಾರ ಸರಳ. ಆ ವೈರನ್ನು ಕಿತ್ತು, 24ರಿಂದ 12 ವೋಲ್ಟಿಗೆ ಇಳಿಸುವ ಕನ್ವರ್ಟರ್ ಒಂದನ್ನು ಫ್ಯೂಸ್ ಸಹಿತ ಇಗ್ನಿಷನ್ ಕೀಯ ನಂತರದ ಲೈನಿಗೆ ಹಾಕಿಸಿ. ನಂತರ ಬ್ಯಾಟರಿಗಳನ್ನು ಬೇರ್ಪಡಿಸಿ ಒಂದೊಂದನ್ನೂ 12 ವೋಲ್ಟಿನ ಚಾರ್ಜರಿನಲ್ಲಿ ಪೂರ್ತಿ ತುಂಬಿಸಿ, ಒಂದು ರಾತ್ರಿ ಬಿಟ್ಟು ಹೈಡ್ರೋಮೀಟರಿನಿಂದ ಪ್ರತಿ ಸೆಲ್ಲಿನ ಆಸಿಡ್ ಸಾಂದ್ರತೆಯನ್ನೂ ನೋಡಿ. 1.240ಕ್ಕಿಂತ ಮೇಲಿದ್ದರೆ ಸರಿ. ಒಂದು ಸೆಲ್ ಉಳಿದವುಗಳಿಗಿಂತ 0.050 ಕೆಳಗಿದ್ದರೆ ಆ ಬ್ಯಾಟರಿಯ ಆಯಸ್ಸು ಮುಗಿದಿದೆ. ಬದಲಾಯಿಸುವುದೇ ಆದರೆ ಒಂದೇ ಕಂಪನಿಯ, ಒಂದೇ ಸಾಮರ್ಥ್ಯದ ಎರಡನ್ನೂ ಒಟ್ಟಿಗೆ ಬದಲಾಯಿಸಿ.

ಘಾಟಿ ಲಾರಿ, ಸಕಲೇಶಪುರ

ಇಬ್ಬರಿಗೂ ಧನ್ಯವಾದಗಳು. ಭಾನುವಾರ ಲಾರಿ ಮನೆಯಂಗಳದಲ್ಲಿದ್ದುದರಿಂದ ನೀವು ಹೇಳಿದ ಕ್ರಮದಲ್ಲೇ ಅಳೆದೆ.

ಬ್ರೇಕ್ ತುಳಿದಾಗ ಬಲಬದಿಯ ಡಬ್ಬಿಯ ತಗಡಿನಲ್ಲಿ 9 ವೋಲ್ಟಿನಷ್ಟು ಬಂತು, ಎಡಬದಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಬಾಡಿಯ ಹಿಂದಿನ ಆಂಗಲ್‌ನಲ್ಲಿಯೂ ಅದೇ ಅಳತೆ. ಚಾಸಿಯ ಉಕ್ಕನ್ನು ಕೆರೆದು ಮುಟ್ಟಿಸಿದರೆ 0.1 ಮಾತ್ರ. ಅಂದರೆ ಅಷ್ಟೂ ನಷ್ಟ ಬಾಡಿ ಮತ್ತು ಚಾಸಿಯ ನಡುವೆಯೇ ಇದೆ. ಆಂಗಲ್‌ನಿಂದ ಚಾಸಿಗೆ ತಾತ್ಕಾಲಿಕವಾಗಿ ಒಂದು ದಪ್ಪ ವೈರ್ ಹಿಡಿದಾಗ ಬ್ರೇಕ್ ಲೈಟುಗಳು ಬೆಳಗಿದವು, ಡ್ಯಾಶ್‌ಬೋರ್ಡಿನ ಸೂಚಕಗಳು ಆರಿದವು. ಮೂಲದ ಅರ್ಥಿಂಗ್ ವೈರ್ ಒಂದು ಚಾಸಿಯಲ್ಲಿ ಇತ್ತೆನ್ನುವುದಕ್ಕೆ ಕುರುಹು ಸಿಕ್ಕಿತು. ಅದರ ಲಗ್ (ವೈರಿನ ತುದಿಗೆ ಒತ್ತುವ ಲೋಹದ ಬಳೆ) ಬೋಲ್ಟಿನಲ್ಲೇ ಉಳಿದಿದೆ, ವೈರ್ ಮಾತ್ರ ತುಂಡಾಗಿದೆ. ತುದಿಯ ಸಿಪ್ಪೆ ಸುಲಿದು ನೋಡಿದರೆ ತಾಮ್ರ ಒಂದು ಗೇಣಿನವರೆಗೂ ಹಸಿರು ಪುಡಿಯಾಗಿ ಉದುರಿತು.

ಬ್ಯಾಟರಿಯ ವಿಷಯದಲ್ಲಿ ಮೇಷ್ಟ್ರ ಊಹೆ ಸರಿಯಾಗಿದೆ. ಸೀಟಿನ ಅಡಿಯಿಂದ ಒಂದು ಕೆಂಪು ವೈರ್ ಬಂದು ಎರಡು ಬ್ಯಾಟರಿಗಳ ನಡುವಿನ ಲಿಂಕಿಗೆ ಸೇರಿದೆ, ಫ್ಯೂಸ್ ಕೂಡ ಇಲ್ಲ. ಎಂಜಿನ್ ಓಡುವಾಗ ಒಟ್ಟು 28.1, ಅದರಲ್ಲಿ ಒಂದಕ್ಕೆ 13.0, ಇನ್ನೊಂದಕ್ಕೆ 15.1. ಎಂಜಿನ್ ಬ್ಲಾಕಿನ ಅಳತೆ ಸರಿಯಾಗಿಯೇ ಇದೆ.

ಇನ್ನು ಉಳಿದಿರುವುದು ಹೈಬೀಮ್ ಫ್ಯೂಸ್. ಅದನ್ನು ಹುಡುಕಲು ಹೋದರೆ ಅಂಗಳದಲ್ಲಿ ನಿಂತಾಗ ದೋಷವೇ ಕಾಣಿಸುವುದಿಲ್ಲ. ಫ್ಯೂಸ್ ಹೋಗಿ ಹೋಗಿ ಬೇಸತ್ತ ಡ್ರೈವರ್ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಇಟ್ಟಿದ್ದನ್ನು ಈಗಷ್ಟೇ ತೆಗೆಸಿದೆ.

ಆಟೋ ಎಲೆಕ್ಟ್ರಿಷಿಯನ್, ಹುಬ್ಬಳ್ಳಿ

ಬೆಳ್ಳಿ ಕಾಗದ ತೆಗೆಸಿದ್ದು ಒಳ್ಳೆಯದಾಯಿತು. ಮರದ ಕ್ಯಾಬಿನ್ನಿನ ಲಾರಿಯಲ್ಲಿ ಫ್ಯೂಸ್ ಜಾಗದಲ್ಲಿ ಕಾಗದ, ತಂತಿ, ಮೊಳೆ ಇಡುವವರಿಗೆ ನಾನು ಕೈಮುಗಿದು ಹೇಳುವುದಿಷ್ಟೇ: ಶಾರ್ಟ್ ಆದಾಗ ಏನಾದರೊಂದು ಕರಗಲೇಬೇಕು, ಫ್ಯೂಸ್ ಕರಗದಿದ್ದರೆ ವೈರ್ ಕರಗುತ್ತದೆ. 75 ವ್ಯಾಟಿನ ಎರಡು ಬಲ್ಬುಗಳು 24 ವೋಲ್ಟಿನಲ್ಲಿ ಎಳೆಯುವುದು ಸುಮಾರು ಆರೂಕಾಲು ಆಂಪಿಯರ್. 10 ಆಂಪಿಯರ್ ಫ್ಯೂಸ್ ಧಾರಾಳವಾಗಿ ಸಾಕು. ಅದು ಹೋಗುತ್ತಿದೆ ಎಂದರೆ ಎಲ್ಲೋ ವೈರ್ ತಗಡಿಗೆ ತಾಗುತ್ತಿದೆ.

ಡಿಮ್‌ನಲ್ಲಿ ಹೋಗುವುದಿಲ್ಲ, ಹೈಬೀಮಿನಲ್ಲಿ ಮಾತ್ರ ಎಂದು ನೀವು ಗಮನಿಸಿರುವುದು ಅರ್ಧ ಕೆಲಸ ಮುಗಿಸಿದಂತೆ. ಡಿಮ್ಮರ್ ಸ್ವಿಚ್ಚಿನವರೆಗಿನ ವೈರ್ ಎರಡಕ್ಕೂ ಒಂದೇ ಆಗಿರುವುದರಿಂದ ಅದು ಸರಿಯಿದೆ. ಸ್ವಿಚ್ಚಿನಿಂದ ಹೆಡ್‌ಲೈಟಿನವರೆಗಿನ ಹೈಬೀಮ್ ವೈರ್ ಮತ್ತು ಡ್ಯಾಶ್‌ಬೋರ್ಡಿನ ನೀಲಿ ಸೂಚಕಕ್ಕೆ ಹೋಗುವ ಕವಲು, ಇಷ್ಟರಲ್ಲೇ ಹುಡುಕಬೇಕು. ಫ್ಯೂಸ್ ತೆಗೆದು, ಅದರ ಎರಡು ಕ್ಲಿಪ್ಪುಗಳ ನಡುವೆ 24 ವೋಲ್ಟಿನ 21 ವ್ಯಾಟ್ ಬಲ್ಬನ್ನು ಹೋಲ್ಡರ್ ಸಹಿತ ಸೇರಿಸಿ. ಎರಡೂ ಹೆಡ್‌ಲೈಟಿನ ಕಪ್ಲರುಗಳನ್ನು (ವೈರಿನ ಪ್ಲಗ್ಗುಗಳನ್ನು) ಎಳೆದುಬಿಡಿ, ಇಲ್ಲದಿದ್ದರೆ ಹೆಡ್‌ಲೈಟಿನ ಎಳೆಗಳ ಮೂಲಕವೇ ಟೆಸ್ಟ್ ಬಲ್ಬು ಹೊತ್ತುತ್ತದೆ. ಈಗ ಹೈಬೀಮ್ ಹಾಕಿದರೆ ನೀಲಿ ಸೂಚಕ ಬೆಳಗಬಹುದು, ಟೆಸ್ಟ್ ಬಲ್ಬು ಮಾತ್ರ ಆರಿರಬೇಕು. ಆಮೇಲೆ ಸ್ಟೀರಿಂಗ್ ಕಾಲಂನಿಂದ ಶುರುಮಾಡಿ ವೈರಿನ ಕಟ್ಟನ್ನು ಗೇಣು ಗೇಣಾಗಿ ಹಿಡಿದು ಅಲುಗಾಡಿಸುತ್ತಾ ಮುಂದಕ್ಕೆ ಹೋಗಿ, ಒಬ್ಬರು ಬಲ್ಬನ್ನೇ ನೋಡುತ್ತಿರಲಿ. ಬಲ್ಬು ಪೂರ್ತಿ ಬೆಳಕಿನಲ್ಲಿ ಹೊತ್ತಿದ ಕ್ಷಣ ನಿಮ್ಮ ಕೈ ಎಲ್ಲಿದೆಯೋ ಅಲ್ಲೇ ಶಾರ್ಟ್ ಇದೆ. ಫ್ಯೂಸ್ ಒಂದೂ ಹಾಳಾಗುವುದಿಲ್ಲ, ವೈರೂ ಬಿಸಿಯಾಗುವುದಿಲ್ಲ. ಕೌಲ್ ತಗಡಿನ ತೂತು ಮತ್ತು ರೇಡಿಯೇಟರ್ ಪಕ್ಕದ ತಗಡಿನ ತೂತುಗಳಲ್ಲಿ ರಬ್ಬರ್ ಗ್ರೋಮೆಟ್ ಇದೆಯೇ ಎಂದು ಮೊದಲು ನೋಡಿ. ಹಳೆಯ ಲಾರಿಗಳಲ್ಲಿ ಗ್ರೋಮೆಟ್ ಬಿದ್ದುಹೋಗಿ ತಗಡಿನ ಅಂಚು ವೈರನ್ನು ಕೊಯ್ದಿರುತ್ತದೆ.

ಪೂರ್ತಿ ವೈರಿಂಗ್ ಬದಲಾಯಿಸುವ ಪ್ರಶ್ನೆಗೆ ಈಗ ಉತ್ತರಿಸಬಹುದು. ಕ್ಯಾಬಿನ್ನಿನಿಂದ ಹಿಂದಕ್ಕೆ ಹೋಗುವ ಕಟ್ಟನ್ನು ಮಾತ್ರ ಹೊಸದಾಗಿ ಮಾಡಿಸಿ, ಏಕೆಂದರೆ ಅರ್ಥಿಂಗ್ ವೈರಿನಲ್ಲಿ ಹಸಿರು ಪುಡಿ ಕಂಡಿದೆಯೆಂದರೆ ಅದರ ಜೊತೆಗೇ ಬಂದಿರುವ ಟೇಲ್, ಬ್ರೇಕ್, ಇಂಡಿಕೇಟರ್ ವೈರುಗಳ ಹಿಂದಿನ ತುದಿಗಳೂ ಒಳಗೊಳಗೇ ಹಾಗೆಯೇ ಇರುತ್ತವೆ. ಡ್ಯಾಶ್‌ಬೋರ್ಡಿನ ಕಡೆ ಕೈ ಹಾಕಿಸಬೇಡಿ. ಸರಿಯಿರುವುದನ್ನು ಬಿಚ್ಚಿ ಬಣ್ಣ ತಪ್ಪಿಸಿ ಜೋಡಿಸಿದರೆ ಮುಂದೆ ಹುಡುಕುವವನಿಗೆ ನರಕ. ಹೊಸ ವೈರ್ ಹಲವು ಎಳೆಗಳ ಆಟೋ ಕೇಬಲ್ ಆಗಿರಲಿ. ಮನೆಯ ವೈರಿಂಗಿನಲ್ಲಿ ಉಳಿದ ಒಂಟಿ ಎಳೆಯ ವೈರನ್ನು ತಂದುಕೊಡಬೇಡಿ, ಲಾರಿಯ ಅದುರಿಗೆ ಅದು ಒಳಗೇ ಮುರಿಯುತ್ತದೆ. ದೀಪಗಳಿಗೆ 1.5 ಚದರ ಮಿಲಿಮೀಟರ್ ಸಾಕು. ಹತ್ತು ಮೀಟರಿಗೆ ಸುಮಾರು 0.12 ಓಮ್ ಆಗುತ್ತದೆ, ಬ್ರೇಕ್ ಲೈಟಿನ ಕರೆಂಟಿಗೆ ಕಾಲು ವೋಲ್ಟೂ ನಷ್ಟವಾಗುವುದಿಲ್ಲ. ಅರ್ಥಿಂಗ್ ವೈರ್ 2.5ರದ್ದಾಗಿರಲಿ, ಎರಡೂ ದೀಪದ ಡಬ್ಬಿಗಳಿಂದ ನೇರವಾಗಿ ಚಾಸಿಗೆ ಬರಲಿ, ನಡುವೆ ಬಾಡಿಯನ್ನು ನಂಬುವುದೇ ಬೇಡ. ಚಾಸಿಯ ಬಣ್ಣವನ್ನು ಹೊಳೆಯುವ ಉಕ್ಕು ಕಾಣುವವರೆಗೆ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಬಳಿಯಿರಿ. ಗ್ರೀಸನ್ನು ಮೊದಲೇ ಬಳಿದು ಬಿಗಿಯುವವರಿದ್ದಾರೆ, ಅದು ತಪ್ಪು.

ಲಗ್ಗುಗಳನ್ನು ಸರಿಯಾದ ಕ್ರಿಂಪಿಂಗ್ ಪ್ಲೇಯರಿನಿಂದಲೇ ಒತ್ತಿಸಿ. ಬೆಸುಗೆ ಹಾಕಿದರೆ ಸೀಸ ಎಳೆಗಳ ನಡುವೆ ಹರಿದು ವೈರ್ ಸೆಟೆದುಕೊಳ್ಳುತ್ತದೆ, ಬೆಸುಗೆ ಮುಗಿಯುವ ಜಾಗದಲ್ಲೇ ಮುರಿಯುತ್ತದೆ. ಕಟ್ಟನ್ನು ಸುರುಳಿ ಪೈಪಿನೊಳಗೆ ಹಾಕಿ, ಪೈಪಿನ ಸೀಳನ್ನು ಕೆಳಮುಖವಾಗಿಡಿ, ನೀರು ಒಳಗೆ ನಿಲ್ಲಬಾರದು. ಸೈಲೆನ್ಸರಿನಿಂದ ದೂರವಿರಲಿ, ಗಾಳಿ ಬ್ರೇಕಿನ ಪೈಪಿಗೆ ಕಟ್ಟಬೇಡಿ.

ಐಟಿಐ ಮೇಷ್ಟ್ರು

ಒಂದು ಸೇರ್ಪಡೆ. ಎಫ್‌ಸಿಗೆ ಮುನ್ನ ಬಾಡಿಯ ಆಂಗಲ್‌ಗೆ ವೆಲ್ಡಿಂಗ್ ಮಾಡಿಸುವ ಯೋಚನೆಯಿದ್ದರೆ ಬ್ಯಾಟರಿಯ ಎರಡೂ ತುದಿಗಳನ್ನೂ ಆಲ್ಟರ್ನೇಟರಿನ ವೈರುಗಳನ್ನೂ ಬಿಚ್ಚಿಸಿಡಿ, ವೆಲ್ಡಿಂಗ್ ಅರ್ಥಿಂಗನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಹಿಡಿಸಿ. ಈಗ ಸರಿಯಾಗಿರುವ ಆಲ್ಟರ್ನೇಟರಿನ ಡಯೋಡುಗಳು ಅಲ್ಲಿ ಸುಡಬಾರದು. ಬ್ಯಾಟರಿ ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಬೆರಳಿನ ಉಂಗುರ ತೆಗೆದಿಟ್ಟು ಕೆಲಸ ಮಾಡಿ.

ಘಾಟಿ ಲಾರಿ, ಸಕಲೇಶಪುರ

ಟೆಸ್ಟ್ ಬಲ್ಬಿನ ಉಪಾಯ ಫಲಿಸಿತು. ಎಡ ಹೆಡ್‌ಲೈಟಿನ ಹಿಂದಿನ ತಗಡಿನ ತೂತಿನ ಬಳಿ ಕಟ್ಟನ್ನು ಕೆಳಕ್ಕೆ ಒತ್ತಿದಾಗ ಬಲ್ಬು ಹೊತ್ತಿತು. ಗ್ರೋಮೆಟ್ ಇರಲಿಲ್ಲ, ಹೈಬೀಮಿನ ವೈರಿನ ಸಿಪ್ಪೆ ಬೆರಳಿನ ಉಗುರಿನಷ್ಟು ಅಗಲಕ್ಕೆ ಸವೆದು ತಾಮ್ರ ಕಾಣುತ್ತಿತ್ತು, ತಗಡಿನ ಅಂಚಿನಲ್ಲಿ ಕಿಡಿ ಹಾರಿದ ಕಪ್ಪು ಕಲೆಯಿತ್ತು. ಅಷ್ಟು ಭಾಗದ ವೈರ್ ಬದಲಾಯಿಸಿ ಗ್ರೋಮೆಟ್ ಹಾಕಿಸಿದ್ದೇನೆ. ಹಿಂದಿನ ಕಟ್ಟಿಗೆ ಬೇಕಾದ ಕೇಬಲ್ಲು, ಕನ್ವರ್ಟರ್ ಎರಡನ್ನೂ ಹಾಸನದಿಂದ ತರಿಸಿದ್ದೇನೆ. ಬ್ಯಾಟರಿಗಳ ಪೈಕಿ ಬಿಸಿಯಾಗುತ್ತಿದ್ದುದರ ಒಂದು ಸೆಲ್ ಚಾರ್ಜ್ ಮಾಡಿದ ಮೇಲೂ 1.170 ದಾಟಲಿಲ್ಲ, ಹಾಗಾಗಿ ಎರಡನ್ನೂ ಹೊಸದಾಗಿ ಹಾಕಿಸುತ್ತಿದ್ದೇನೆ.